ಮೂರನೇ ಸೂಜಿ

ಮುದುಕಿ ಚಿಕಿತ್ಸೆಯ ಮಂಚದ ಮೇಲೆ ಸತ್ತಿದ್ದಳು. ಎರಡೂ ಮೊಣಕಾಲಲ್ಲಿ ಕೂದಲೆಳೆಯಂಥ ಸೂಜಿಗಳು ಇನ್ನೂ ನಿಂತಿದ್ದವು.

"ಇವಳೇ ಕೊಂದಿದ್ದು. ಸೂಜಿ ಚುಚ್ಚಿ ಚುಚ್ಚಿ ನಮ್ಮಮ್ಮನ್ನ ತೆಗೆದುಬಿಟ್ಟಳು," ಎಂದ ಹಿರಿಮಗ. ಅವನ ಬೆರಳು ತೀರಿಹೋದ ತಮ್ಮನ ಹೆಂಡತಿಯತ್ತ ಇತ್ತು. ಆ ಆಕ್ಯುಪಂಕ್ಚರ್ ಕ್ಲಿನಿಕ್ ಅವಳದೇ.

ನನಗೂ ಹಾಗೇ ಅನಿಸಿತು. ಸೂಜಿ ಚುಚ್ಚಿ ನೋವು ತೆಗೆಯುತ್ತೇವೆನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಆದರೆ ನಮ್ಮ ಇನ್‌ಸ್ಪೆಕ್ಟರ್ ಮೇಡಂ ನೋಡುತ್ತಿದ್ದುದು ದಿಂಬನ್ನು. ಪೊಲೀಸ್ ಡಾಕ್ಟರೂ ಅದನ್ನೇ ಹೇಳಿದರು—ದಿಂಬು ಒತ್ತಿ ಉಸಿರು ಕಟ್ಟಿಸಿದ್ದಾರೆ, ಸೂಜಿಗೂ ಸಾವಿಗೂ ಸಂಬಂಧವಿಲ್ಲ.

ಒಳಗಿದ್ದವರು ಇಬ್ಬರೇ. ಸೊಸೆ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಳು, ಸಾಕ್ಷಿ ಇಲ್ಲ. ಹಿರಿಮಗ ಬಲಭುಜದ ನೋವೆಂದು ಪಕ್ಕದ ಕೋಣೆಯಲ್ಲಿ ಮಲಗಿದ್ದ. ಕಟ್ಟಡವನ್ನು ಅತ್ತೆ ನಾಳೆ ತನ್ನ ಹೆಸರಿಗೆ ಬರೆಯುವವರಿದ್ದರು ಎಂದಳು ಸೊಸೆ. ಸುಳ್ಳು, ಇವಳನ್ನು ಹೊರಗೆ ಹಾಕುವವರಿದ್ದರು ಎಂದ ಮಗ. ಒಬ್ಬರ ಮುಖ ಇನ್ನೊಬ್ಬರಿಗೆ ಆಗದ ಮನೆ.

ನರ್ಸು ಕಾದಿದ್ದ ರೋಗಿಗಳ ಕಣ್ಣೆದುರೇ ಕೂತಿದ್ದವಳು. ಚುಚ್ಚಿದಷ್ಟು ಸೂಜಿ ವಾಪಸ್ ಬರಲೇಬೇಕು, ಅದು ಇಲ್ಲಿನ ಕಟ್ಟುನಿಟ್ಟು. ಹೊತ್ತಾದ ಮೇಲೆ ಹೋಗಿ ಹಿರಿಮಗನ ಬಲಗಾಲಿನದು ತೆಗೆದಳಂತೆ, ಆಮೇಲೆ ಭುಜದವು ಎರಡು. ಮೂರಕ್ಕೆ ಮೂರೂ ಸಿಕ್ಕಿದವು.

"ಸೂಜಿ ಚುಚ್ಚಿಸ್ಕೊಂಡು ಮಲಗಿದ್ದೋನು ಎದ್ದುಹೋಗಿ ಕೊಲೆ ಮಾಡ್ತೀನಾ?" ಎಂದ ಅವನು.

ಅವನ ಚಿಕಿತ್ಸೆಯ ಕಾರ್ಡನ್ನು ನಾನೇ ನಕಲು ಮಾಡಿಕೊಂಡೆ. ಭುಜಕ್ಕೆ ಎರಡು, ಎಡಗಾಲಿಗೆ ಒಂದು. ಬರೆದುಕೊಂಡೆ, ಅಷ್ಟೇ. ಸೊಸೆಗೆ ಬೇಡಿ ಹಾಕಲು ಕೈ ಕಡಿಯುತ್ತಿತ್ತು.

ಮೇಡಂ ತಡೆದರು. ಸೂಜಿಯಿಂದ ನೋವು ಹೋಗುವುದು ಹೇಗೆ ಎಂದು ಅವಳನ್ನು ಕೇಳಿದರು. ಈಗ ಪಾಠ ಬೇಕಿತ್ತಾ?

"ಚುಚ್ಚಿದ್ದು ನರಕ್ಕೆ ಗೊತ್ತಾಗುತ್ತೆ, ನರ ಮಿದುಳಿಗೆ ಮುಟ್ಟಿಸುತ್ತೆ. ಮಿದುಳು ನೋವು ತಗ್ಗಿಸೋ ರಸ ಬಿಡುತ್ತೆ. ಮಂಡಿನೋವು, ತಲೆನೋವು ಎಷ್ಟೋ ಜನಕ್ಕೆ ಕಡಿಮೆಯಾಗುತ್ತೆ, ಎಲ್ಲರಿಗೂ ಅಲ್ಲ. ನೋವಿರೋ ಕಡೆಗೇ ಚುಚ್ಚಬೇಕು ಅಂತಿಲ್ಲ."

ಮೇಡಂ ಹಿರಿಮಗನತ್ತ ತಿರುಗಿದರು. "ನಿಮಗೆ ಯಾವ ಕಾಲಿಗೆ ಚುಚ್ಚಿದ್ರು?"

"ಬಲಗಾಲಿಗೆ. ನೋವಿರೋದು ಬಲಗಡೆ. ಎಡಗಾಲಿಗೆ ಯಾವ ಮೂರ್ಖ ಚುಚ್ಚುತ್ತಾನೆ?"

"ಪ್ಯಾಂಟು ಮಡಚಿ. ಎರಡೂ ಕಾಲು."

ಮಡಚಿದ. ಎರಡೂ ಕಾಲಲ್ಲಿ, ಮೊಣಕಾಲ ಕೆಳಗೆ, ಒಂದೊಂದು ಹಸಿ ಚುಕ್ಕೆ.

ಮೇಡಂ ಬಿಡಿಸಿ ಹೇಳಿದರು. ಕಾಲಿಗೆ ಚುಚ್ಚಿದ್ದು ಒಂದೇ ಸೂಜಿ, ಅದೂ ಎಡಗಾಲಿಗೆ. ಅವನು ಮಂಚದಿಂದ ಇಳಿಯುವಾಗ ಅದು ಉದುರಿತು. ತಾಯಿಯ ಮುಖಕ್ಕೆ ದಿಂಬು ಒತ್ತಿ ಬಂದು ನೋಡಿದರೆ ಹಾಸಿಗೆ ಮೇಲೆ ಸೂಜಿ. ನರ್ಸು ಎಣಿಸುತ್ತಾಳೆಂದು ಗೊತ್ತು. ಭುಜದವೆರಡೂ ಹಾಗೇ ಇವೆ, ಬಿದ್ದದ್ದು ಕಾಲಿನದೇ; ಯಾವ ಕಾಲಿನದು ಎಂಬುದು ಗೊತ್ತಿಲ್ಲ, ಯಾಕೆಂದರೆ ಚುಚ್ಚುವಾಗ ಕಣ್ಣ ಮೇಲೆ ಬಟ್ಟೆ, ಕಿವಿಗೆ ಫೋನು, ಸೂಜಿಯೋ ತಿಳಿಯದಷ್ಟು ಸಣ್ಣದು. ನೋವಿರುವ ಕಡೆಯ ಕಾಲಿಗೆ ತಾನೇ ಚುಚ್ಚಿಕೊಂಡ.

"ಎದ್ದವರು ನೀವೇ," ಎಂದರು ಮೇಡಂ.

ನಾನು ಅವನಿಗೆ ಬೇಡಿ ಹಾಕಿದೆ. ಸೊಸೆಯನ್ನು ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಾಯಿತು, ಅವನ ಮೇಲೆ ಮೈಯೆಲ್ಲ ಉರಿಯಿತು.

ಸೊಸೆ ಅವನೆದುರು ಬಂದು ನಿಂತಳು.

"ನಾನು ಚುಚ್ಚುವಾಗ್ಲೂ ಫೋನಲ್ಲಿ ನನ್ನನ್ನೇ ಆಡ್ಕೊಂಡು ನಗ್ತಿದ್ರಿ, ಭಾವ. ನಾನು ನಿಮ್ಮನ್ನ ಮುಟ್ಟಲ್ಲ ಅಂತ ಮೊದಲೇ ಅಂದಿದ್ದೆ. ‘ನನ್ನ ಮಗನಿಗೆ ಭುಜದ ನೋವಿಂದ ರಾತ್ರಿಯೆಲ್ಲ ನಿದ್ದೆ ಇಲ್ಲ, ಒಂದು ಸಲ ನೋಡಮ್ಮ’ ಅಂತ ನನ್ನ ಕೈಹಿಡಿದು ಕೇಳ್ಕೊಂಡಿದ್ದು ಅತ್ತೆ."