ಕೇಬಲ್ ಕಿತ್ತವನು

“ಆ ಪೆನ್‌ಡ್ರೈವ್ ಕೊಡ್ರಿ ಇಲ್ಲೆ!”

ಪೀಣ್ಯದ ಆ ಅಚ್ಚು ತಯಾರಿಸುವ ಕಾರ್ಖಾನೆಯಲ್ಲಿ ಕಂಪ್ಯೂಟರ್‌ಗಳ ಹೊಣೆ ಹೊತ್ತ ಮೊದಲ ದಿನವೇ, ಕುಷ್ಟಗಿಯ ಶಾಂಭವಿ, ಅಚ್ಚುಗಳ ನಕ್ಷೆ ಬರೆಯುವ ಡ್ರಾಯಿಂಗ್ ವಿಭಾಗದ ಅಂಬರೀಶನ ಮುಂದೆ ಕೈ ಚಾಚಿ ನಿಂತಿದ್ದಳು.

ಅವನು ಬೆಚ್ಚಿದ. “ಮೇಡಂ, ಇದ್ರಲ್ಲಿ ಬರೀ ಹಾಡಿದೆ ಕಣ್ರೀ!”

“ಹಾಡಿನ ಜೊತಿ ವೈರಸ್ಸೂ ಬರ್ತೈತಿ. ಫೈಲಿಗೆಲ್ಲ ಬೀಗ ಜಡಿದು ರೊಕ್ಕ ಕೇಳ್ತೈತಿ. ಆಗ ಹಾಡ್ಕೋಂತ ಕುಂದ್ರಿ!”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅವನೂ ನಕ್ಕ.

‘ನನ್ನ ಕೆಲಸ ಇವನಿಗೆ ತಮಾಷೆ...’ ಅವಳ ಎದೆ ಚುರ್ ಎಂದಿತು.

ಪರದೆಯ ಮೇಲೆ ಹಣ ಕೇಳುವ ಬರಹ ಎಲ್ಲೇ ಕಂಡರೂ, ವೈರಸ್ ಹರಡುವ ಮೊದಲೇ ಯಾರನ್ನೂ ಕೇಳದೆ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ ಎಂದು ಅವಳು ಎಲ್ಲರಿಗೂ ಕಲಿಸಿದಳು. ತಾಲೀಮೂ ಮಾಡಿಸಿದಳು. ಪ್ರತಿ ಸಲವೂ ಅಂಬರೀಶ್, “ಕಿತ್ತೆ ಮೇಡಂ!” ಎಂದು ಕೂಗಿ ನಗಿಸುತ್ತಿದ್ದ. ಡ್ರಾಯಿಂಗ್‌ಗಳ ಇನ್ನೊಂದು ಪ್ರತಿ ಇಡಲು ಬೇರೆ ಡಿಸ್ಕ್ ಬೇಕೆಂದರೆ, ಮಾಲೀಕ ರಾಮಯ್ಯ “ಮುಂದಿನ ತಿಂಗ್ಳು ನೋಡಣಮ್ಮ” ಎನ್ನುತ್ತಿದ್ದರು.

2017ರ ಬೇಸಿಗೆ. ಒಂದು ಬೆಳಿಗ್ಗೆ ಹಣ ಕೇಳುವ ಬರಹ ಮೂಡಿ ಕಚೇರಿಯ ಪರದೆಗಳು ಒಂದೊಂದಾಗಿ ಕೆಂಪಾದವು. ಬಿಲ್ಲುಗಳು, ಆರ್ಡರ್‌ಗಳು... ಎಲ್ಲಕ್ಕೂ ಬೀಗ!

ಡ್ರಾಯಿಂಗ್‌ಗಳೂ ಹೋದರೆ ಕಾರ್ಖಾನೆಯೇ ಇಲ್ಲ. ಶಾಂಭವಿ ಆ ವಿಭಾಗಕ್ಕೆ ಓಡಿದಳು. ಕೆಲಸ ಬಿಟ್ಟು ಜನ ಸುತ್ತ ಸೇರಿದ್ದರು. ಅಂಬರೀಶ್ ಕೈಕಟ್ಟಿ ನಿಂತಿದ್ದ.

“ನಿಮ್ಮ ಹಾಡೇ ತಂದಿರಬೇಕು ಈ ಪೀಡೆ! ನಗ್ರಿ ಈಗ!”

ಅವನ ಮುಖ ಬಾಡಿತು. “ಮೊದ್ಲು ನೋಡಿ ಮೇಡಂ. ಆಮೇಲೆ ಬೈಯ್ರಿ.”

ನೋಡಿದಳು. ಒಂದೊಂದೇ ಫೈಲು ತೆರೆಯಿತು. ಎಲ್ಲವೂ ಭದ್ರ! ಅವನ ವಿಭಾಗದ ಅಷ್ಟೂ ಕೇಬಲ್‌ಗಳು ನೆಲದ ಮೇಲೆ ಬಿದ್ದಿದ್ದವು.

“ಆಫೀಸಿನ ಪರದೆ ಕೆಂಪಾಗಿದ್ದು ಗಾಜಿನ ಗೋಡೆಯಿಂದ ಕಾಣಿಸ್ತು. ಕಿತ್ತೆ. ಯಾರನ್ನೂ ಕೇಳ್ಬೇಡಿ ಅಂದಿದ್ರಲ್ಲ...”

ಅಷ್ಟರಲ್ಲಿ ರಾಮಯ್ಯನವರು ಬಂದರು. “ನನ್ನ ಲ್ಯಾಪ್‌ಟಾಪಲ್ಲೇ ಶುರುವಾಗಿದ್ದು ಕಣಮ್ಮ. ಯಾರೋ ಬಿಲ್ ಅಂತ ಮೇಲ್ ಕಳ್ಸಿದ್ರು, ಓಪನ್ ಮಾಡ್ಬಿಟ್ಟೆ. ಎಷ್ಟು ಕೊಡ್ಬೇಕಂತೆ?”

“ಒಂದು ಪೈಸಾನೂ ಬ್ಯಾಡ್ರಿ ಸಾರ್. ಬಿಲ್ಲು ಮತ್ತ ಬರಕೋಬಹುದು. ಡ್ರಾಯಿಂಗ್ ಉಳದಾವ... ಇವರು ಉಳಿಸ್ಯಾರ!”

ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

“ನಾನಲ್ಲ ಸಾರ್. ಇವ್ರ ಪಾಠ,” ಎಂದ ಅಂಬರೀಶ್. ಅವನ ಕಣ್ಣಲ್ಲೂ ಅದೇ ಹೆಮ್ಮೆ!

ಶಾಂಭವಿ ಎಲ್ಲರತ್ತ ತಿರುಗಿದಳು. “ಎಲ್ಲಾರ ಮುಂದ ಬೈದೆ, ಎಲ್ಲಾರ ಮುಂದನ ಹೇಳ್ತೀನಿ. ತಪ್ಪು ನಂದು.”

ಜನ ಚದುರಿದ ಮೇಲೆ ಮೆಲ್ಲಗೆ ಕೇಳಿದಳು. “ಮತ್ತ ತಾಲೀಮಿನಾಗ ಯಾಕ ಹಂಗ ನಗಸ್ತಿದ್ರಿ?”

“ನಿಮ್ಗೆ ಸಿಟ್ಟು ಬಂದಾಗ ಮಾತ್ರ ನನ್ನ ಕಡೆ ನೋಡ್ತಿದ್ರಿ. ನನಗೆ ಬೇರೆ ದಾರಿ ಗೊತ್ತಿರ್ಲಿಲ್ಲ...”

ಅವಳ ಕೆನ್ನೆ ಬಿಸಿಯಾಯಿತು.

“ನಿಮ್ಮ ಮಾತು ಕೇಳೋದು ಅಭ್ಯಾಸ ಆಗೋಗಿದೆ. ಜೀವನ ಪೂರ್ತಿ ಕೇಳ್ಲಾ?”

“ಭಾನುವಾರ ನಮ್ಮವ್ವ ರಾಜಗೋಪಾಲನಗರದ ನನ್ನ ರೂಮಿಗೆ ಬರ್ತಾಳ. ಅಕಿನ್ನ ಕೇಳ್ರಿ.”

“ನೀವು?”

“ಹೂಂ ಅನ್ನಾಕ ನಾನೂ ಅಲ್ಲೇ ಇರ್ತೀನಿ!”