ಮಡಿಕೆಯೊಳಗಿನ ನಲವತ್ತೊಂದು ಗಂಟು

ಜೂನ್ 3, ಮಂಗಳವಾರ. ಬೆಳಿಗ್ಗೆ 11.20ಕ್ಕೆ ಠಾಣೆಗೆ ಬಂದ ಟೈಲರ್, ವಯಸ್ಸು ಇಪ್ಪತ್ತೆಂಟು, ಮೇಜಿನ ಮೇಲೆ ಒಂದು ಬಟ್ಟೆಚೀಲ ಇಟ್ಟಳು. ಒಳಗೆ ಎರಡು ಇಂಚು ಅಗಲದ ಕ್ಯಾನ್ವಾಸ್ ಪಟ್ಟಿ. ಬಕಲ್ ಕಿತ್ತುಹೋಗಿತ್ತು.

“ಇವತ್ತು ಬೆಳಿಗ್ಗೆ ರಿಪೇರಿಗೆ ಬಂತು ಮೇಡಂ. ಇದನ್ನ ಹೊಲಿದಿದ್ದು ನಾನೇ. ಆಗ ನನಗೆ ಹನ್ನೊಂದು ವರ್ಷ.”

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. “ಎಲ್ಲಿ?”

“ನೀರಿನ ಟ್ಯಾಂಕ್ ಹಿಂದಿನ ಮಾನಸಿಕ ಆಸ್ಪತ್ರೇಲಿ. ಮಕ್ಕಳ ಕೈಲಿ ಪಟ್ಟಿ ಹೊಲಿಸೋದು. ಅದನ್ನ ಚಿಕಿತ್ಸೆ ಅಂತಿದ್ರು. ಆಮೇಲೆ ಅದರಲ್ಲೇ ಮಂಚಕ್ಕೆ ಕಟ್ಟೋದು.”

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಗೆರೆ ಎಳೆಯದೆ ಏನನ್ನೂ ಬರೆಯುವವನಲ್ಲ. ಠಾಣೆಯಲ್ಲಿ ಎಲ್ಲರಿಗೂ ಅವನು ‘ಸ್ಕೇಲ್’. ಅವನ ಕೈ ಅರ್ಧ ಗೆರೆಗೆ ನಿಂತಿತು.

“ಯಾಕೆ ಸೇರಿಸಿದ್ರು?” ಎಂದರು ಇನ್ಸ್‌ಪೆಕ್ಟರ್.

“ಅಮ್ಮನಿಗೆ ಅಪ್ಪ ಹೊಡೆಯೋದು ನೋಡಿ ನಿದ್ದೇಲಿ ಕಿರುಚ್ತಿದ್ದೆ. ಹೊಡೆದೋರು ಮನೇಲಿ ಉಳಿದ್ರು. ಕಿರುಚಿದೋಳು ಆಸ್ಪತ್ರೆ ಸೇರಿದೆ.”

“ಪಟ್ಟಿ ನೀವು ಹೊಲಿದಿದ್ದೇ ಅಂತ ಹೇಗೆ ಗೊತ್ತು?”

“ನಾನು ಎಡಚಿ. ಹೊಲಿಗೆ ಎಡಕ್ಕೆ ವಾಲಿದೆ ನೋಡಿ. ಮನೆಗೆ ಕಳಿಸೋ ಹಿಂದಿನ ದಿನ ಹೊಲಿದಿದ್ದು. ಕಟ್ಟಿಹಾಕಿದ ದಿನಕ್ಕೊಂದರಂತೆ ಕೆಂಪು ದಾರದಲ್ಲಿ ಗಂಟು ಹಾಕಿ ಪಟ್ಟಿ ಅಂಚಿನ ಮಡಿಕೆ ಒಳಗೆ ಮುಚ್ಚಿ ಹೊಲಿದೆ. ನಲವತ್ತೊಂದು. ಬೆರಳಾಡಿಸಿದ್ರೆ ಸಿಗುತ್ತೆ.”

“ಬಿಚ್ಚಿ ನೋಡ್ಲಿಲ್ವಾ?”

“ಬಿಚ್ಚಿದ್ರೆ ಈಗ ಹಾಕಿದ್ದು ಅಂತಾರೆ. ಇಷ್ಟು ವರ್ಷ ಏನು ಹೇಳಿದ್ರೂ ‘ಅವಳ ಕಾಯಿಲೆ ಮಾತಾಡ್ತಿದೆ’ ಅಂದ್ರು.” ಅವಳು ಚೀಲದ ಬಾಯಿ ಮಡಿಸಿದಳು. “ಪಟ್ಟಿ ತಂದ ಆಯಾ ಅಂದ್ರು, ‘ಹನ್ನೆರಡು ವರ್ಷದ ಹುಡುಗಿ, ಎಳೆದೂ ಎಳೆದೂ ಕಿತ್ತುಹಾಕಿದ್ಲು. ಸಂಜೆ ಐದಕ್ಕೆ ಬೇಕು’ ಅಂತ.”

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು.

“ಸ್ಕೇಲ್, ಹೇಳಿಕೆ ಬರಿ. ಗಂಟು ಎಷ್ಟು, ದಾರದ ಬಣ್ಣ ಏನು, ಎಲ್ಲಾ ಇರಲಿ. ಪಟ್ಟಿ ಸೀಲ್ ಮಾಡು.”

12.35ಕ್ಕೆ FIR ದಾಖಲಾಯಿತು.

“ನಮ್ಮ ಜೊತೆ ಆಸ್ಪತ್ರೆಗೆ ಬರ್ತೀರಾ? ಬಲವಂತ ಇಲ್ಲ.”

ಟೈಲರ್ ಬಾಗಿಲ ಕಡೆ ನೋಡಿದಳು. “ನಾಲ್ಕು ವರ್ಷದಿಂದ ಒಬ್ಬರು ಮನಸ್ಸಿನ ಡಾಕ್ಟರಮ್ಮನ್ನ ಕಾಣ್ತಿದೀನಿ. ಬಾಗಿಲು ಹಾಕ್ಲಾ ಅಂತ ಅವರು ಕೇಳಿಯೇ ಹಾಕ್ತಾರೆ. ಅಲ್ಲೂ ಬಾಗಿಲು ತೆಗೆದಿಟ್ರೆ ಬರ್ತೀನಿ.”

“ಸ್ಕೇಲ್ ಬಾಗಿಲಲ್ಲೇ ನಿಂತಿರ್ತಾನೆ.”

“ಅಣ್ಣ ನಿಂತ್ರೆ ಹಾಕೋಕೂ ಆಗಲ್ಲ ಬಿಡಿ,” ಎಂದಳು ಮಹಿಳಾ ಕಾನ್‌ಸ್ಟೇಬಲ್. ಸ್ಕೇಲ್ ಹೊಟ್ಟೆ ಒಳಗೆಳೆದುಕೊಂಡ. ಟೈಲರ್ ಮೊದಲ ಸಲ ನಕ್ಕಳು.

2.15ಕ್ಕೆ ಆಸ್ಪತ್ರೆ. ಸಾಕ್ಷಿ ಪಂಚರಾಗಿ ಎದುರಿನ ಔಷಧಿ ಅಂಗಡಿಯವರು ಮತ್ತು ಒಬ್ಬ ನಿವೃತ್ತ ಶಿಕ್ಷಕಿ. ಆಸ್ಪತ್ರೆ ನಡೆಸುವ ವೈದ್ಯರು ಎದ್ದು ನಿಲ್ಲಲಿಲ್ಲ.

“ಪಟ್ಟಿಗಿಟ್ಟಿ ನಮ್ಮಲ್ಲಿ ಯಾವತ್ತೂ ಇಲ್ಲ. ಇವರು ಹಳೇ ಪೇಷಂಟ್. ಕಲ್ಪನೆ ಜಾಸ್ತಿ. ಇವರ ಮಾತು ಕೇಳ್ಕೊಂಡು ಬಂದ್ರಾ?”

“ಹೌದು,” ಎಂದರು ಇನ್ಸ್‌ಪೆಕ್ಟರ್.

ಸೀಲ್ ಒಡೆದು ಮಹಿಳಾ ಕಾನ್‌ಸ್ಟೇಬಲ್ ಮಡಿಕೆ ಕತ್ತರಿಸಿದಳು. ಒಳಗೆ ಕೆಂಪು ದಾರ ಇತ್ತು, ಬಣ್ಣ ಮಾಸಿರಲಿಲ್ಲ. ಶಿಕ್ಷಕಿ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಎಣಿಸಿದರು. ನಲವತ್ತೊಂದು. ನಂಬದೆ ಮತ್ತೆ ಎಣಿಸಿದರು. ಅಷ್ಟೇ.

“ಇವಳೇ ಹಾಕಿ ತಂದಿರಬಹುದು. ಇದು ಇಲ್ಲಿಯದು ಅನ್ನೋಕೆ ಏನಿದೆ?” ಎಂದರು ವೈದ್ಯರು.

ಆಗ ಕೈಯಲ್ಲಿ ಟ್ರೇ ಹಿಡಿದು ಬಂದ ಆಯಾ, ಟೈಲರನ್ನೂ ಮೇಜಿನ ಮೇಲಿನ ಪಟ್ಟಿಯನ್ನೂ ಕಂಡು ಮುಖ ಅರಳಿಸಿದರು. “ಇಷ್ಟು ಬೇಗ ಆಯ್ತಾ ತಂಗಿ? ಇನ್ನೊಂದೂ ಸವೆದಿದೆ, ಮೇಲಿಂದ ಬಿಚ್ಕೊಂಡು ಬರ್ಲಾ?”

ಇನ್ಸ್‌ಪೆಕ್ಟರ್ ಕೈ ಚಾಚಿದರು. “ಮೇಲಿನ ಕೀಲಿ.”

ಮಹಡಿಯ ಕೊನೆಯ ಕೋಣೆ. ಹುಡುಗಿಯ ಎಡಗೈಗೆ ಪಟ್ಟಿ. ಬಲಗೈಗೆ, ಪಟ್ಟಿ ರಿಪೇರಿಗೆ ಹೋಗಿದ್ದರಿಂದ, ಹರಿದ ಹಾಸಿಗೆ ಬಟ್ಟೆ. ಫೋಟೋ ತೆಗೆದ ಮೇಲೆ ಇನ್ಸ್‌ಪೆಕ್ಟರ್ ಟೈಲರಿಗೆ ದಾರಿ ಬಿಟ್ಟರು. ಸ್ಕೇಲ್ ಬಾಗಿಲು ತುಂಬಿ ನಿಂತಿದ್ದ.

“ಬಿಚ್ಲಾ ಪುಟ್ಟಿ?” ಎಂದು ಅವಳು ಕೇಳಿದಳು.

ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಟೈಲರ್ ಎಡಗೈಯಲ್ಲಿ ಬಿಚ್ಚಿದಳು.

ಪಂಚನಾಮೆಗೆ 3.50ಕ್ಕೆ ಸಹಿಯಾಯಿತು. 4.10ಕ್ಕೆ ವೈದ್ಯರ ಬಂಧನ.

ಠಾಣೆಯಲ್ಲಿ ಅವರ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ತಾವೇ ಬರೆದುಕೊಂಡರು. ಕೊನೆಯ ಸಾಲುಗಳು ಹೀಗಿವೆ: ‘ಮಕ್ಕಳು ಸುಮ್ಮನಾದರೆ ಮನೆಯವರು ಗುಣವಾಯಿತೆಂದು ನನಗೆ ಕೈಮುಗಿಯುತ್ತಿದ್ದರು. ಬರಬರುತ್ತಾ ನಾನೂ ಅದನ್ನೇ ಗುಣವೆಂದು ನಂಬಿದೆ.’

ಹೊರಗೆ ಬೆಂಚಿನ ಮೇಲೆ ಹುಡುಗಿ ಮಕ್ಕಳ ರಕ್ಷಣಾ ಅಧಿಕಾರಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಟೈಲರ್. ಗಡಿಯಾರ ಐದು ಹೊಡೆಯಿತು.

“ಅಂಕಲ್, ಗೆರೆ ಎಳೀದೆ ನಿಮಗೆ ಬರೆಯೋಕೇ ಬರಲ್ವಾ?” ಗೆರೆ ಎಳೆಯುತ್ತಿದ್ದ ಸ್ಕೇಲ್‌ನನ್ನು ಹುಡುಗಿ ಕೇಳಿದಳು.

“ಬರುತ್ತೆ,” ಎಂದ ಸ್ಕೇಲ್. ಬರೆದು ತೋರಿಸಿದ. ಸಾಲು ಬೆಟ್ಟ ಹತ್ತಿತು.

ಹುಡುಗಿ ಕಿರುಚಿ ನಕ್ಕಳು. ಸದ್ದು ಒಳಗಿನ ಕೋಣೆಯವರೆಗೂ ಹೋಯಿತು. ಠಾಣೆಯಲ್ಲಿ ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.