ಗೋಡೆ ಕೆಡವಿದ ಒದ್ದೆ ರಾಶಿ

ಬುಧವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಎರಡೂ ಕೈ ಮೊಣಕೈವರೆಗೆ ಇಟ್ಟಿಗೆ ಬಣ್ಣವಾಗಿದ್ದವು. ಹೆಡ್ ಕಾನ್‌ಸ್ಟೇಬಲ್ ಆಗಷ್ಟೇ ಡ್ಯೂಟಿ ಪುಸ್ತಕ ತೆರೆದಿದ್ದ. ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ.

“ಏನಾಯ್ತಮ್ಮ?”

“ನನ್ನ ಗಂಡನ ಮೇಲೆ ಗೋಡೆ ಬಿತ್ತು.”

“ಯಾರ ಗೋಡೆ?”

“ನಮ್ಮದೇ. ಆದ್ರೆ ತಾನಾಗಿ ಬೀಳಲಿಲ್ಲ ಸಾರ್. ಹಿಂದುಗಡೆಯಿಂದ ಯಾರೋ ಲಾರಿಗಟ್ಟಲೆ ಡೆಬ್ರಿಸ್ ತಂದು ಸುರಿದು ಹೋಗಿದ್ದಾರೆ. ಒಡೆದ ಮನೆದು. ಆ ಭಾರಕ್ಕೆ ಬಿತ್ತು.”

ಗಂಡ ಹೆಂಡತಿ ಇಬ್ಬರೂ ಸೇರಿ ಒಣ ಕಾಲುವೆಯ ಪಕ್ಕ ಗಿಡದ ನರ್ಸರಿ ನಡೆಸುತ್ತಿದ್ದರು. ಬೆಳಿಗ್ಗೆ ಆರೂಕಾಲಿಗೆ ಗಂಡ ಸಸಿಗಳಿಗೆ ನೀರು ಬಿಡುತ್ತಿದ್ದಾಗ ಹಿಂದಿನ ಗೋಡೆ ಮಲಗಿಕೊಂಡಿತು. ಬಲಗಾಲು ಅದರಡಿ ಸಿಕ್ಕಿತು. ಅವಳೇ ಕೈಯಲ್ಲಿ ಇಟ್ಟಿಗೆ ಎಳೆದು ಎಳೆದು ಅವನನ್ನು ಹೊರಗೆ ತೆಗೆದು, ಆಸ್ಪತ್ರೆಗೆ ಸೇರಿಸಿ ಬಂದಿದ್ದಳು.

“ಕಾಲು ಉಳಿಯುತ್ತೋ ಇಲ್ವೋ ಶುಕ್ರವಾರ ಹೇಳ್ತೀವಿ ಅಂದ್ರು ಡಾಕ್ಟ್ರು,” ಎಂದಳು. “ಕಾರ್ಪೊರೇಷನ್‌ಗೆ ಫೋನ್ ಮಾಡಿದ್ರೆ ರಾಶಿದು ಫೋಟೋ ಕಳಿಸಿ ಅಂತಾರೆ. ಕಾಲಿಂದು ಕಳಿಸ್ಲಾ ಅಂತ ಕೇಳಿದೆ. ಫೋನ್ ಇಟ್ಟುಬಿಟ್ರು.”

ಏಳು ನಲವತ್ತಕ್ಕೆ FIR ದಾಖಲಾಯಿತು. ಆರೋಪಿಗಳು: ಗುರುತು ಸಿಗದ ವ್ಯಕ್ತಿಗಳು.

ಈ ಊರಿನಲ್ಲಿ ಡೆಬ್ರಿಸ್ ಸುರಿದವನ ಗುರುತು ಯಾವತ್ತು ಸಿಕ್ಕಿತ್ತು? ಹಳೇ ಮನೆ ಒಡೆಯುತ್ತಾರೆ, ಹೊಸ ಮನೆಯ ಬಣ್ಣದ ಚಿತ್ರ ಬೋರ್ಡಿಗೆ ಹಾಕುತ್ತಾರೆ, ಅದರ ಮುಂದೆ ನಿಂತು ಕೈ ಕುಲುಕುತ್ತಾರೆ. ಒಡೆದದ್ದು ಎಲ್ಲಿಗೆ ಹೋಯಿತು ಎಂದು ಒಬ್ಬನೂ ಬಾಯಿ ಬಿಡುವುದಿಲ್ಲ. ಅದು ಹೋಗುವುದು ಬಾಯಿಲ್ಲದವರ ಬಾಗಿಲಿಗೆ. ಬೆಟ್ಟ ಅಗೆದು ಜಲ್ಲಿ ತರಲು ದುಡ್ಡಿದೆ, ಇದ್ದ ಇಟ್ಟಿಗೆ ಬಿಡಿಸಿ ಇನ್ನೊಮ್ಮೆ ಕಟ್ಟಲು ಪುರಸೊತ್ತಿಲ್ಲ.

ಎಂಟೂ ಐದಕ್ಕೆ ಇನ್ಸ್‌ಪೆಕ್ಟರ್ ಮೇಡಂ ಜೊತೆ ಹೆಡ್ ಕಾನ್‌ಸ್ಟೇಬಲ್ ಕಾಲುವೆ ಏರಿಯ ಮೇಲಿದ್ದ. ಗೋಡೆ ಇದ್ದ ಜಾಗದಲ್ಲಿ ಆಳೆತ್ತರದ ರಾಶಿ ನರ್ಸರಿಯ ಒಳಕ್ಕೆ ನಾಲಿಗೆ ಚಾಚಿತ್ತು. ಸಸಿಯ ಚೀಲಗಳು ಅಡಿಯಲ್ಲಿ ಚಪ್ಪಟೆಯಾಗಿದ್ದವು. ನೀರಿನ ಪೈಪು ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ಹೋಗಿ ನಲ್ಲಿ ನಿಲ್ಲಿಸಿ ಬಂದ.

ಆಮೇಲೆ ಹಾರೆ ತೆಗೆದುಕೊಂಡು ರಸ್ತೆಯ ಕಡೆಯಿಂದ ರಾಶಿ ಹತ್ತಿದ. ಪೈಪಿನ ನೀರು ತಾಗದ ಎತ್ತರದಲ್ಲಿ ಒಂದು ಮೊಳ ಕೆದಕಿ ಕೈ ತೂರಿಸಿದ. ಒಳಗೆ ಒದ್ದೆ. ಇನ್ನೊಂದು ಕಡೆ ಕೆದಕಿದ. ಅಲ್ಲೂ ಒದ್ದೆ. ಮಳೆ ಬಂದು ಇಪ್ಪತ್ತು ದಿನವಾಗಿತ್ತು. ಮಣ್ಣಿನ ಜೊತೆ ಗೋಣಿಚೀಲದ ನಾಲ್ಕು ನೂಲು ಬೆರಳಿಗೆ ಸುತ್ತಿಕೊಂಡು ಬಂದವು.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

“ಏನು ಸಿಕ್ತು?” ಕೆಳಗಿನಿಂದ ಮೇಡಂ ಕೇಳಿದರು.

ಏನೂ ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಹೆಂಗಸಿನ ಮೊಣಕೈ ಕಣ್ಣ ಮುಂದಿತ್ತು.

“ಇದಕ್ಕೆ ನೀರು ಹೊಡೆದು, ಒದ್ದೆ ಗೋಣಿ ಹೊದಿಸಿ ತಂದಿದ್ದಾರೆ ಮೇಡಂ. ಊರಲ್ಲಿ ಮನೆ ಒಡೆಯೋ ಗ್ಯಾಂಗು ಹತ್ತು ಇವೆ. ಒಡೆದಿದ್ದಕ್ಕೆ ನೀರು ಹೊಡೆದು ಎತ್ತೋರು ಒಬ್ಬರೇ.”

“ಯಾರು?”

“ನೀರು ಮೇಸ್ತ್ರಿ ಅಂತಾರೆ. ನನ್ನ ಸೋದರಮಾವ.”

ಮೇಡಂ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. “ಸ್ವಂತ ಮಾವನಾ?”

“ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅನ್ನ ಹಾಕಿದವರು. ಪೊಲೀಸ್ ಕೆಲಸ ಸಿಗೋವರೆಗೂ ಆರು ವರ್ಷ ಅವರ ಗ್ಯಾಂಗಲ್ಲಿ ನೀರು ಹೊತ್ತಿದ್ದೀನಿ.”

ಮಾವನಿಗೆ ಒಬ್ಬ ತಮ್ಮನಿದ್ದ. ಒಡೆಯುವ ಕೆಲಸದಲ್ಲಿ ಹನ್ನೆರಡು ವರ್ಷ ಧೂಳು ಕುಡಿದು, ಕೆಮ್ಮಿ ಕೆಮ್ಮಿ, ಮೂವತ್ತೈದಕ್ಕೆ ಹೋದ. ಅಂದಿನಿಂದ ಮಾವ ಒಣ ಇಟ್ಟಿಗೆ ಎತ್ತಿಸಿದವನಲ್ಲ. ಬೇರೆ ಮೇಸ್ತ್ರಿಗಳು ಆಡಿಕೊಳ್ಳುತ್ತಿದ್ದರು: ‘ಇವನು ಮನೆ ಒಡೆಯೋಕೆ ಬಂದಿದ್ದಾನೋ, ಸೊಪ್ಪು ಬೆಳೆಯೋಕೆ ಬಂದಿದ್ದಾನೋ?’

“ನಿನ್ನನ್ನ ಈ ಕೇಸಿಂದ ತೆಗೀಬೇಕಾಗುತ್ತೆ,” ಎಂದರು ಮೇಡಂ.

“ಹೇಳಿಕೆ ನೀವು ತಗೊಳ್ಳಿ. ಸಹಿ ಬೇರೆಯವರು ಹಾಕ್ಲಿ. ಆದ್ರೆ ಈ ರಾಶಿ ಓದೋಕೆ ಠಾಣೆಲಿ ನನ್ನ ಬಿಟ್ರೆ ಯಾರಿಗೂ ಬರಲ್ಲ. ಇದರಲ್ಲಿ ಇನ್ನೊಂದು ಇದೆ, ಅದು ಕೂಡ್ತಾ ಇಲ್ಲ.”

“ಏನದು?”

ಅವನು ಒಂದು ಇಡೀ ಇಟ್ಟಿಗೆ ಎತ್ತಿ ತೋರಿಸಿದ. ಪಕ್ಕದಲ್ಲಿ ಕಂಬಿ ಸಮೇತ ಕಾಂಕ್ರೀಟು, ಹಸಿರು ನೆಲದ ಟೈಲು, ಕಿಟಕಿಯ ಚೌಕಟ್ಟು, ನೀಲಿ ಬಣ್ಣ ಬಳಿದ ಕಲ್ನಾರಿನ ಶೀಟು, ಎಲ್ಲ ಕಲಸುಮೇಲೋಗರವಾಗಿ ಬಿದ್ದಿತ್ತು. “ನಮ್ಮ ಮಾವ ಹುಟ್ಟಿದಾಗಿಂದ ಇಡೀ ಇಟ್ಟಿಗೆ ಬಿಸಾಕಿದವರಲ್ಲ. ಇಟ್ಟಿಗೆ ಬೇರೆ, ಕಬ್ಬಿಣ ಬೇರೆ, ಮರ ಬೇರೆ ಮಾಡಿ, ಕೊನೆಗೆ ಉಳಿದ ಸುಣ್ಣದ ಪುಡೀನೂ ಗುಂಡಿ ತುಂಬೋಕೆ ಕೊಡ್ತಿದ್ರು. ಒದ್ದೆ ನೋಡಿದ್ರೆ ಅವರೇ. ಒಳಗಿನ ಮಾಲು ನೋಡಿದ್ರೆ ಅವರಲ್ಲ.”

ಮೇಡಂ ಕೇಸ್ ಡೈರಿಯಲ್ಲಿ ಅವನ ಸಂಬಂಧವನ್ನು ಮೊದಲು ಬರೆದರು, ಒದ್ದೆಯನ್ನು ಆಮೇಲೆ. “ರಾಶಿ ಒದ್ದೆ ಇತ್ತು ಅಂತ ಕೋರ್ಟಲ್ಲಿ ಹೇಳಿದ್ರೆ ಜಡ್ಜು ಟವೆಲ್ ಕೊಡ್ತಾರೆ ಅಷ್ಟೆ. ಬೇರೆ ಸಾಕ್ಷಿ ಹುಡುಕು.”

ಪಂಕ್ಚರ್ ಅಂಗಡಿಯವನು, ಶಾಲೆಯ ಮೇಷ್ಟ್ರು ಪಂಚ ಸಾಕ್ಷಿಗಳಾಗಿ ನಿಂತರು. ಹತ್ತೂವರೆಗೆ ಸ್ಥಳ ಪಂಚನಾಮೆ ಮುಗಿಯಿತು. ನೀಲಿ ಶೀಟಿನ ತುಂಡು ಒಂದು, ಹಸಿರು ಟೈಲು ಎರಡು, ಗೋಣಿ ನೂಲು, ಒದ್ದೆ ಮಣ್ಣು ಒಂದು ಡಬ್ಬ, ಏರಿ ಮೇಲಿನ ಟೈರ್ ಗುರುತಿನ ಅಚ್ಚು. ಎಲ್ಲಕ್ಕೂ ಅರಗಿನ ಮುದ್ರೆ.

ಹನ್ನೊಂದೂ ಮುಕ್ಕಾಲಿಗೆ ಅವರು ಊರಾಚೆಯ ಪುಡಿ ಮಾಡುವ ಘಟಕದಲ್ಲಿದ್ದರು. ಒಡೆದ ಕಟ್ಟಡಗಳ ಮಾಲನ್ನು ಕಾನೂನು ಪ್ರಕಾರ ತರಬೇಕಾದ ಜಾಗ ಅದು. ಕಾಂಕ್ರೀಟು ಒಂದು ಯಂತ್ರದ ಬಾಯಿಗೆ, ಇಟ್ಟಿಗೆ ಇನ್ನೊಂದಕ್ಕೆ. ಆ ಕಡೆಯಿಂದ ಜಲ್ಲಿ, ಮರಳು. ಶೆಡ್ಡಿನ ನೆರಳಲ್ಲಿ ಅದೇ ಮರಳಿನಿಂದ ಅಚ್ಚು ಹಾಕಿದ ಕಾಲುದಾರಿ ಕಲ್ಲುಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ಹೆಡ್ ಕಾನ್‌ಸ್ಟೇಬಲ್ ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದ. ಗಟ್ಟಿ ಸದ್ದು. ಎಷ್ಟು ಜನರ ಗೋಡೆ ಇದರೊಳಗಿದೆಯೋ ಎಂದುಕೊಂಡ.

ಗೇಟಿನ ಗುಮಾಸ್ತೆ ರಿಜಿಸ್ಟರ್ ತಿರುವಿದಳು. ಮಂಗಳವಾರ ಮಧ್ಯಾಹ್ನ ಮೂರೂ ಇಪ್ಪತ್ತು, ಒಂದು ಲಾರಿ. ಕಲ್ನಾರು ಶೀಟು ಬೆರೆತಿದೆ, ವಾಪಸು. ನಾಲ್ಕೂ ಐವತ್ತು, ಅದೇ ಲಾರಿ, ಅದೇ ಕಾರಣ, ವಾಪಸು.

“ಯಾಕೆ ವಾಪಸು?”

“ಕಲ್ನಾರು ಯಂತ್ರಕ್ಕೆ ಹೋದ್ರೆ ಧೂಳಾಗುತ್ತೆ ಮೇಡಂ. ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ಮತ್ತೆ ಈಚೆ ಬರಲ್ಲ. ಇಲ್ಲಿ ಮೂವತ್ತು ಜನ ಕೆಲಸ ಮಾಡ್ತಾರೆ.”

ಅವಳು ಹೇಳಿದ್ದು ತಪ್ಪಲ್ಲ. ಅದೇ ಹೆಡ್ ಕಾನ್‌ಸ್ಟೇಬಲ್‌ನನ್ನು ಕೆಣಕಿತು. “ವಾಪಸು ಹೋಗಿದ್ದು ಎಲ್ಲಿ ಹೋಗಿ ಬೀಳುತ್ತೆ ಅಂತ ಕೇಳಿದ್ರಾ?”

“ನನ್ನ ಕೆಲಸ ಗೇಟಿನ ಒಳಗಡೆ ಸಾರ್.”

“ಊರು ಇರೋದು ಗೇಟಿನ ಹೊರಗಡೆ ಕಣಮ್ಮ.”

ಮೇಡಂ ಕಣ್ಣಲ್ಲೇ ಅವನನ್ನು ಸುಮ್ಮನಿರಿಸಿದರು. “ಲಾರಿ ಜೊತೆ ಯಾರಿದ್ರು?”

“ವಯಸ್ಸಾದೋರು ಒಬ್ರು. ಭುಜದ ಮೇಲೆ ಒದ್ದೆ ಟವೆಲು. ಜೊತೆಗೆ ನಾಲ್ಕೈದು ಜನ ಕೆಲಸದೋರು. ಎರಡನೇ ಸಲ ಬಂದಾಗ ಒಂದು ಗಂಟೆ ಇಲ್ಲೇ ನಿಂತಿದ್ರು. ನಲವತ್ತು ವರ್ಷ, ನಲವತ್ತು ವರ್ಷ ಅಂತ ಏನೋ ಹೇಳ್ತಿದ್ರು. ಹಿಂದೆ ಮೂರು ಲಾರಿ ಹಾರ್ನ್ ಹೊಡೀತಿತ್ತು. ‘ಅಜ್ಜ, ವಿಂಗಡಿಸೋದು ಹೇಗೆ ಅಂತ ಬೋರ್ಡ್ ಹಾಕಿದ್ದೀವಿ, ಓದ್ಕೊಂಡು ಕಲೀರಿ’ ಅಂದೆ. ಅವರ ಹುಡುಗರು ನಕ್ಕರು. ಆಮೇಲೆ ಹೊರಟುಹೋದ್ರು.”

“ಅವರಿಗೆ ಓದೋಕೆ ಬರಲ್ಲ,” ಎಂದ ಹೆಡ್ ಕಾನ್‌ಸ್ಟೇಬಲ್.

ಲಾರಿ ನಂಬರ್ ಹಿಡಿದು ಎರಡು ಗಂಟೆಗೆ ಒಡೆಯುತ್ತಿದ್ದ ಜಾಗ ಸಿಕ್ಕಿತು. ಎರಡಂತಸ್ತಿನ ಹಳೇ ಮುದ್ರಣಾಲಯ. ಸುತ್ತಿಗೆ, ಹಾರೆಗಳ ಬದಲು ಒಂದು ಹಳದಿ ಯಂತ್ರ ಗೋಡೆಯನ್ನು ಹಲ್ಲಿನಿಂದ ಕಿತ್ತು ಕಿತ್ತು ಉಗುಳುತ್ತಿತ್ತು. ನೆಲದಲ್ಲಿ ಹಸಿರು ಟೈಲು. ಮೂಲೆಯಲ್ಲಿ ಅರ್ಧ ಮುರಿದ ನೀಲಿ ಶೀಟು.

ಸೈಟ್ ಸೂಪರ್‌ವೈಸರ್ ಮೊಬೈಲಿನಿಂದ ತಲೆ ಎತ್ತಿದ.

“ಇಲ್ಲಿ ಒಡೆಯೋ ಮೇಸ್ತ್ರಿ ಯಾರು?”

“ನೀರು ಮೇಸ್ತ್ರಿ. ಕೈಯಲ್ಲಿ ಬಿಡಿಸಿ ಕೊಡ್ತೀನಿ, ಇಪ್ಪತ್ತು ದಿನ ಕೊಡಿ ಅಂದ. ನಾಲ್ಕೇ ದಿನ ಇರೋದು ಅಂದ್ವಿ. ಕೈಲಿ ಬಿಡಿಸೋ ಕಾಲ ಹೋಯ್ತು ಮೇಡಂ. ಯಂತ್ರ ನಾವೇ ತರಿಸಿದ್ವಿ. ಅವನದು ಬರೀ ಸಾಗಿಸೋ ಕೆಲಸ.”

“ಕಲ್ನಾರು ಶೀಟು ಮೊದಲೇ ಬೇರೆ ತೆಗೆಸಬೇಕು ಅಂತ ಗೊತ್ತಿಲ್ವಾ?”

“ಅದೆಲ್ಲ ಮೇಸ್ತ್ರಿ ನೋಡ್ಕೋಬೇಕು.”

ಇದೊಂದು ಮಾತು ಈ ಊರಿನ ರಾಷ್ಟ್ರಗೀತೆ. ಮಾಲೀಕ ಸೂಪರ್‌ವೈಸರ್ ಕಡೆ ಬೆರಳು ತೋರಿಸುತ್ತಾನೆ, ಸೂಪರ್‌ವೈಸರ್ ಮೇಸ್ತ್ರಿ ಕಡೆ. ಮೇಸ್ತ್ರಿಯ ಮುಂದೆ ಬೆರಳು ತೋರಿಸಲು ಯಾರೂ ಇಲ್ಲ, ಕಾಲುವೆ ಮಾತ್ರ ಇದೆ. ಮೇಡಂ ಸೂಪರ್‌ವೈಸರ್ ಹೆಸರನ್ನೂ ಆರೋಪಿಗಳ ಪಟ್ಟಿಗೆ ಬರೆದುಕೊಂಡರು. ಅವನು ಮೊಬೈಲ್ ಜೇಬಿಗಿಟ್ಟ.

ಲಾರಿ ಡ್ರೈವರ್ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ.

“ಬುಧವಾರ ಬೆಳಿಗ್ಗೆ ಎಲ್ಲಿದ್ದೆ?”

“ಮನೇಲಿ ಮೇಡಂ.”

“ಲಾರಿ?”

“ಅದೂ ಮನೇಲಿ.”

“ಕಾಲುವೆ ಏರಿ ಮೇಲೆ ನಿನ್ನ ಲಾರಿ ಹಿಂದಿನ ಟೈರಿನ ಗುರುತಿದೆ. ಒಂದು ಟೈರು ಸವೆದಿದೆ, ಪಕ್ಕದ್ದು ಹೊಸದು. ಲಾರಿ ನಿನ್ನ ಬಿಟ್ಟು ವಾಕಿಂಗ್ ಹೋಗಿತ್ತಾ?”

ಅವನು ನೀರು ಕೇಳಿದ. ಕುಡಿದು ಹೇಳಿದ: “ಮೇಸ್ತ್ರಿ ಹೇಳಿದ್ರು, ನಾನು ಎತ್ತಿ ಸುರಿದೆ. ಐದೂವರೆಗೊಂದು, ಆರಕ್ಕೊಂದು. ಆಳು ಬಿದ್ದಿದ್ದು ನೋಡಿಲ್ಲ, ದೇವರಾಣೆ.”

ಅವತ್ತು ಸಂಜೆ ಹೆಡ್ ಕಾನ್‌ಸ್ಟೇಬಲ್ ಮನೆಗೆ ಹೋದಾಗ ಅಮ್ಮನಿಗೆ ವಿಷಯ ಗೊತ್ತಾಗಿತ್ತು. ಡ್ರೈವರನ ಹೆಂಡತಿ ಬಾಯಿ ಬಿಟ್ಟಿದ್ದಳು.

“ಅಣ್ಣನ್ನ ಹಿಡೀತೀಯಂತೆ?”

“ನಾನು ಹಿಡಿಯಲ್ಲ. ಮೇಡಂ ಹಿಡೀತಾರೆ.”

“ಎತ್ತಿ ಆಡಿಸಿದವನು ಕಣೋ.”

“ಗೊತ್ತಮ್ಮ.”

“ಒಂದು ಫೋನ್ ಮಾಡಿ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ಎಲ್ಲಾದ್ರೂ ಹೋಗಿ ನಾಲ್ಕು ದಿನ ಇರ್ತಾನೆ.”

ಅವನು ಫೋನನ್ನು ಅವಳ ಮುಂದೆ ಇಟ್ಟ. “ನೀನೇ ಮಾಡು. ಆಮೇಲೆ ಆಸ್ಪತ್ರೆಗೆ ಹೋಗಿ ಆ ಮನುಷ್ಯನ ಕಾಲು ಹಿಡ್ಕೊಂಡು ನೋಡು. ಒಂದೇ ಸಿಗಬಹುದು.”

ಅಮ್ಮ ಫೋನಿನ ಕಡೆ ನೋಡುತ್ತ ಕೂತಳು. ಅನ್ನ ಆರುವವರೆಗೂ ಕೂತಿದ್ದಳು. ಮುಟ್ಟಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಜೀಪು ಮುದ್ರಣಾಲಯದ ಮುಂದೆ ನಿಂತಿತು. ಯಂತ್ರ ಇನ್ನೂ ಬಂದಿರಲಿಲ್ಲ. ಮಾವ ಒಬ್ಬನೇ ನೆಲದ ಮೇಲೆ ಕೂತು, ಮಚ್ಚಿನ ಬೆನ್ನಿನಿಂದ ಇಟ್ಟಿಗೆಯ ಗಾರೆ ಕೆರೆಯುತ್ತಿದ್ದ. ಪಕ್ಕದಲ್ಲಿ ಇನ್ನೂರು ಮುನ್ನೂರು ಇಟ್ಟಿಗೆ ಸಾಲಾಗಿ ಪೇರಿಸಿದ್ದ. ಸಾಲು ನೂಲು ಹಿಡಿದಷ್ಟು ನೇರ. ಯಾರೂ ಹೇಳದ ಕೆಲಸ ಅದು.

ಮೇಡಂ ಎದುರಿಗೆ ಒಂದು ಕಲ್ಲಿನ ಮೇಲೆ ಕೂತರು. ಹೆಡ್ ಕಾನ್‌ಸ್ಟೇಬಲ್ ಹತ್ತು ಹೆಜ್ಜೆ ದೂರದಲ್ಲಿ ನಿಂತ. ಹಾಗೆ ನಿಲ್ಲಬೇಕೆಂದು ಡೈರಿಯಲ್ಲೇ ಬರೆದಿತ್ತು.

“ನರ್ಸರಿ ಹಿಂದೆ ಲೋಡು ಸುರಿಸಿದ್ದು ನೀವಾ?”

“ಹೌದು ತಾಯಿ.”

“ಅಲ್ಲಿ ಜನ ಇರ್ತಾರೆ ಅಂತ ಗೊತ್ತಿತ್ತಾ?”

“ಗೋಡೆ ಇತ್ತು. ಗೋಡೆ ಆಚೆ ನೋಡ್ಲಿಲ್ಲ.”

“ನೀರು ಯಾಕೆ ಹೊಡೆದ್ರಿ?”

ಅವನಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. “ಹುಡುಗ್ರು ಎತ್ತಬೇಕಲ್ಲ. ಧೂಳು.”

“ನೀರಿಗೆ ಭಾರ ಏರಿತು. ಒಣ ರಾಶಿ ಆಗಿದ್ರೆ ಆ ಗೋಡೆ ತಡೀತಿತ್ತೇನೋ ಅಂತ ಜಾಗ ನೋಡಿದ ಇಂಜಿನಿಯರ್ ಬರೆದಿದ್ದಾರೆ.”

ಮಚ್ಚು ಕೈಯಲ್ಲೇ ನಿಂತಿತು. ಮಾವ ಅದನ್ನು ನಿಧಾನವಾಗಿ ನೆಲಕ್ಕಿಟ್ಟು, ತಲೆ ತಿರುಗಿಸಿ ಸೋದರಳಿಯನನ್ನು ಹುಡುಕಿದ.

“ನೀನೇ ಗುರುತು ಹಿಡಿದ್ಯಾ?”

“ಹೌದು ಮಾವ.”

“ಆ ಮನುಷ್ಯ ಹೇಗಿದ್ದಾನೆ?”

“ಬೆಳಿಗ್ಗೆ ಮೊಣಕಾಲ ಕೆಳಗೆ ಕಾಲು ತೆಗೆದ್ರು.”

ಮಾವ ಎರಡೂ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿದ್ದನ್ನೇ ಒರೆಸಿದ.

ಹತ್ತು ಗಂಟೆಗೆ ದಸ್ತಗಿರಿ. ಹನ್ನೊಂದೂವರೆಗೆ ಮೇಡಂ ಹೇಳಿಕೆಯನ್ನು ಅವನಿಗೆ ಓದಿ ಹೇಳಿದರು. ಕಾರಣ ಎಂಬಲ್ಲಿ ಅವನ ಮಾತನ್ನೇ ಇಳಿಸಿದ್ದರು: ‘ನಲವತ್ತು ವರ್ಷ ನಾನು ಬೇರ್ಪಡಿಸದೆ ಒಂದು ಮನೆ ಒಡೆದವನಲ್ಲ. ಯಂತ್ರ ಕಲಸಿದ್ದನ್ನು ನನ್ನ ತಲೆಗೆ ಕಟ್ಟಿದರು. ಗೇಟಿನಲ್ಲಿ, ನಾನೇ ಕೆಲಸ ಕಲಿಸಿದ ಹುಡುಗರ ಮುಂದೆ, ಓದಿ ಕಲಿತುಕೋ ಎಂದರು. ಹುಡುಗರು ನಕ್ಕರು. ಆ ಲೋಡು ಬೆಳಗಾಗುವುದರೊಳಗೆ ನನ್ನ ಕಣ್ಣ ಮುಂದಿನಿಂದ ಹೋಗಬೇಕು ಅನ್ನಿಸಿತು. ಎಲ್ಲಿಗೆ ಎಂದು ಯೋಚಿಸಲಿಲ್ಲ.’

ಅದು ತಪ್ಪನ್ನು ಸಣ್ಣದು ಮಾಡುವುದಿಲ್ಲ. ಮೇಡಂ ಕೂಡ ಮಾಡಲಿಲ್ಲ. ಸೂಪರ್‌ವೈಸರ್‌ಗೂ ಮಾಲೀಕನಿಗೂ ನೋಟಿಸು ಅದೇ ಟಪಾಲಿನಲ್ಲಿ ಹೋಯಿತು.

“ಸರಿ ಇದ್ಯಾ? ಹೆಬ್ಬೆಟ್ಟು ಒತ್ತಿ.”

ಮಾವ ಶಾಯಿಗೆ ಅದ್ದಿದ ಹೆಬ್ಬೆರಳನ್ನು ಕಾಗದದ ಮೇಲೆ ಹಿಡಿದು ನಿಲ್ಲಿಸಿದ.

“ಎರಡು ಲೋಡು ಅಂತ ಬರೆದಿದ್ದೀರ. ಮೂರು. ಇನ್ನೊಂದು ಮಂಗಳವಾರ ಸಂಜೇನೇ ಬೇರೆ ಲಾರಿಲಿ ಸುರಿಸಿದೆ. ಹಳೇ ಗೋದಾಮಿನ ಹಿಂದೆ.”

ಯಾರೂ ಅವನನ್ನು ಅದರ ಬಗ್ಗೆ ಕೇಳಿರಲಿಲ್ಲ, ಕೇಳುವವರೂ ಇರಲಿಲ್ಲ.

“ಅಲ್ಲೂ ಗೋಡೆಗೇ ಒರಗಿಸಿದ್ದೀನಿ,” ಎಂದ ಮಾವ, ಸೋದರಳಿಯನ ಕಡೆ ನೋಡುತ್ತ. “ಆಚೆ ಯಾರಿದ್ದಾರೋ ಗೊತ್ತಿಲ್ಲ. ಹಾರೆ ತಗೋ, ಹೋಗೋಣ.”

ಹೆಡ್ ಕಾನ್‌ಸ್ಟೇಬಲ್ ಮೇಡಂ ಮುಖ ನೋಡಿದ. ಅವರು ಆಗಲೇ ಎದ್ದು ಜೀಪಿನ ಕೀ ತೆಗೆದುಕೊಂಡಿದ್ದರು.